ನಕಾಶೆ ಆಟದ ಮೊದಲ ಮಾತು

ಕಡೂರಿನಲ್ಲಿ ನಮ್ಮ ಪಕ್ಕದ ಮನೆಗೆ ಮದುವೆಯಾಗದ ಒಬ್ಬ ಇಂಜಿನಿಯರ್ ಬಾಡಿಗೆಗೆ ಬಂದ. ಎಂಬತ್ತರ ದಶಕ ಅರ್ಧ ಕಳೆದಿತ್ತು. ಅವನ ಹತ್ತಿರ ಹೊರದೇಶದಿಂದ ಯಾರೋ ತಂದುಕೊಟ್ಟ ಒಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು, ಜೊತೆಗೆ ಒಂದು ಸಣ್ಣ ಚೀಲದ ತುಂಬ ದಾಳ. ನಾವು ಕಂಡ ಆರು ಮುಖದ ದಾಳವಲ್ಲ. ಎಂಟು, ಹನ್ನೆರಡು, ಇಪ್ಪತ್ತು ಮುಖದವು. ಮೇಜಿನ ಸುತ್ತ ನಾಲ್ಕೈದು ಜನ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು, ಬರೀ ಬಾಯಲ್ಲಿ ಆಡುವ ಆಟವಂತೆ. ಒಬ್ಬ ಮಾತ್ರ ಆಡುವುದಿಲ್ಲ, ಆಡಿಸುತ್ತಾನೆ. ದಾರಿ ಹೇಗಿದೆ, ಬಾಗಿಲಾಚೆ ಯಾರು ನಿಂತಿದ್ದಾರೆ ಎಂದು ಅವನು ಹೇಳಬೇಕು. ತಾವೇನು ಮಾಡುತ್ತೇವೆಂದು ಉಳಿದವರು ಹೇಳಬೇಕು. ಅದು ಆಗುತ್ತದೋ ಇಲ್ಲವೋ ದಾಳ ಹೇಳಬೇಕು.

ಒಂದು ಭಾನುವಾರ ನನ್ನನ್ನೂ ಕರೆದ. ಹೋದೆ. ಪುಣ್ಯಾತ್ಮ ಮುಕ್ಕಾಲು ಗಂಟೆ ಪುಸ್ತಕ ಓದಿದ. ಯಾವುದೋ ದೇಶದ ಏಳು ರಾಜರು, ಅವರ ಅಪ್ಪಂದಿರು, ಅವರ ಕೋಟೆಗಳು. ಬ್ಯಾಂಕಿನಿಂದ ಬಂದಿದ್ದ ಇಬ್ಬರು ಆಕಳಿಸಿ ಆಕಳಿಸಿ ಕಣ್ಣಲ್ಲಿ ನೀರು ತಂದುಕೊಂಡರು. ಎಲ್ಲರೂ ಎದ್ದು ಹೋದ ಮೇಲೆ ಅವನು ನನ್ನ ಮುಂದೆ ಕೂತು, “ಸಾರ್, ಎಲ್ಲಿ ತಪ್ತು? ಶುರು ಹೇಗೆ ಮಾಡ್ಬೇಕಿತ್ತು?” ಎಂದ.

ಕೇಳಬಾರದವನನ್ನು ಕೇಳಿದ್ದ. ಇಂಥದ್ದೇ ಆಟವನ್ನು ಪುಸ್ತಕವಿಲ್ಲದೆ, ದಾಳವಿಲ್ಲದೆ, ನಾಲ್ಕು ಹುಣಸೆಬೀಜ ಇಟ್ಟುಕೊಂಡು ನಾನು ಎರಡು ವರ್ಷ ಅಜ್ಜಂಪುರದಲ್ಲಿ ಆಡಿಸಿದ್ದೆ. ಶುರು ಮಾಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಹೆಮ್ಮೆಯಿಂದ ಹೇಳುತ್ತಿಲ್ಲ. ಅಷ್ಟು ಚೆನ್ನಾಗಿ ಬರದೇ ಇದ್ದಿದ್ದರೆ ಒಂದು ಮನೆ ಏಳುತ್ತಿತ್ತು ಎಂದು ಹೇಳುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಆಗ ಸರ್ವೆ ಇಲಾಖೆಗೆ ಹೊಸದಾಗಿ ಸೇರಿ ತರೀಕೆರೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಜಮೀನಿನ ಮೇಲೆ ಸರಪಳಿ ಎಳೆಯುವುದು, ಅಳೆದದ್ದನ್ನು ಕಾಗದದ ಮೇಲೆ ಗೆರೆ ಮಾಡುವುದು ನನ್ನ ಕೆಲಸ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಅಜ್ಜಂಪುರಕ್ಕೆ ಹೋಗುತ್ತಿದ್ದೆ. ಅಲ್ಲಿ ನನ್ನ ಗೆಳೆಯನಿದ್ದ, ಮಿಡ್ಲ್ ಸ್ಕೂಲಿನ ಮೇಷ್ಟ್ರು. ನಾವಿಬ್ಬರೂ ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ನನ್ನನ್ನು ಅವನು ಹೆಸರು ಹಿಡಿದು ಕರೆದದ್ದೇ ಇಲ್ಲ. ಕೆಲಸ ಸಿಕ್ಕ ದಿನದಿಂದ “ಏನೋ ಸರಪಳಿ” ಎನ್ನುತ್ತಿದ್ದ. ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ, ಆಕೆ ನನ್ನನ್ನು ಅಣ್ಣ ಎನ್ನುತ್ತಿದ್ದರು. ನಾಲ್ಕನೆಯವನು ಈರುಳ್ಳಿ ಮಂಡಿಯ ಸಾಹುಕಾರ. ವಿಭೂತಿ ಹಚ್ಚಿಕೊಂಡು, ಮಂಡಕ್ಕಿ ಪೊಟ್ಟಣ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದ.

ಆಟ ಹುಟ್ಟಿದ್ದು ಕಚೇರಿಯಲ್ಲಿ ಬಿಸಾಡಿದ್ದ ಒಂದು ಹಳೆಯ ಗ್ರಾಮ ನಕಾಶೆಯಿಂದ. ಮಳೆನೀರು ಬಿದ್ದು ಊರಿನ ಹೆಸರೇ ಅಳಿಸಿಹೋಗಿತ್ತು. ಹೆಸರಿಲ್ಲದ ಊರು ಸಿಕ್ಕಿತಲ್ಲ ಎಂದು ಮೇಷ್ಟ್ರು ಕುಣಿದಾಡಿದ. “ಇಲ್ಲಿ ನಾನು ಗೌಡ, ನೀನು ಶಾನುಭೋಗ” ಎಂದು ಶುರುವಾದದ್ದು ವಾರಕ್ಕೊಂದು ಕತೆಯಾಗಿ ಬೆಳೆಯಿತು. ಒಂದು ಕಡೆ ತೇಯ್ದು ಬೆಳ್ಳಗೆ ಮಾಡಿದ ಹುಣಸೆಬೀಜ ನಾಲ್ಕು. ಚೌಕಾಬಾರದಲ್ಲಿ ಎಸೆಯುತ್ತೇವಲ್ಲ, ಹಾಗೆ. ಬಿಳಿ ಹೆಚ್ಚು ಬಿದ್ದರೆ ಎಣಿಸಿದ್ದು ಆಗುತ್ತದೆ, ಕಪ್ಪು ಹೆಚ್ಚು ಬಿದ್ದರೆ ಇಲ್ಲ, ಸಮಸಮ ಬಂದರೆ ಮತ್ತೆ ಎಸೆ. ನಕಾಶೆ ಓದಲು ಬರುವವನು ನಾನೊಬ್ಬನೇ ಆದ್ದರಿಂದ ಆಡಿಸುವ ಕೆಲಸ ನನ್ನ ತಲೆಗೆ ಬಂತು.

ಮೊದಲ ಸಲ ನಾನೂ ಈ ಇಂಜಿನಿಯರನ ಹಾಗೇ ಮಾಡಿದೆ. ಊರಿನ ಎಲ್ಲೆ, ಕೆರೆಯ ಏರಿ, ಪಾಳೇಗಾರನ ವಂಶ ಎಲ್ಲ ವರ್ಣಿಸಿದೆ. ಸಾಹುಕಾರ ಗೋಡೆಗೆ ಒರಗಿ ಗೊರಕೆ ಹೊಡೆದ. ಅತ್ತಿಗೆ ಒಳಬಾಗಿಲ ಹೊಸ್ತಿಲ ಹತ್ತಿರ ಕೂತಿದ್ದವರು ಎದ್ದು, “ಅಣ್ಣಾ, ಒಲೆ ಮೇಲೆ ಹಾಲಿಟ್ಟಿದೀನಿ. ನಿಮ್ ಪಾಳೇಗಾರ ಕುದ್ರೆ ಹತ್ತೋ ಹೊತ್ಗೆ ಉಕ್ಕೋಗುತ್ತೆ” ಎಂದರು. ಎಲ್ಲರೂ ನಕ್ಕರು. ನನಗೆ ಮುಖ ಕೆಂಪಾಯಿತು, ಆದರೆ ಪಾಠ ಆದದ್ದು ಅಲ್ಲೇ. ಮುಂದಿನ ವಾರ ಹಾಲು ಉಕ್ಕುವಲ್ಲಿಂದಲೇ ಶುರುಮಾಡಿದೆ. “ಸಾಹುಕಾರ್ರೇ, ಗಾಡಿ ಹಳ್ಳದ ಮಧ್ಯೆ ಇದೆ. ಎಡಗಡೆ ಎತ್ತಿನ ಕಣ್ಣಿ ಬಿಚ್ಕೊಂಡಿದೆ. ಮೇಲ್ಗಡೆ ನೀರು ಬರೋ ಸದ್ದಾಗ್ತಿದೆ. ಏನ್ಮಾಡ್ತೀರಿ?” ಸಾಹುಕಾರ ಮಂಡಕ್ಕಿ ಬಾಯಲ್ಲಿರುವಂತೆಯೇ ಎದ್ದು ನಿಂತುಬಿಟ್ಟ. ಹಳ್ಳ ಎಲ್ಲಿತ್ತು, ಊರು ಯಾವುದು, ರಾಜ ಯಾರು ಎಂದು ಯಾರೂ ಕೇಳಲಿಲ್ಲ. ಬೇಕಾದಾಗ ಕೇಳಿದರು, ಬೇಕಾದಷ್ಟು ಹೇಳಿದೆ.

ಆಮೇಲೆ ಒಂದೊಂದೇ ಪಟ್ಟು ಕೈಗೆ ಬಂತು. ಹಿಂದಿನ ವಾರದ ಕತೆಯನ್ನು ನಾನು ಹೇಳುತ್ತಿರಲಿಲ್ಲ; ಆಡಿದವರಲ್ಲೇ ಒಬ್ಬರು ಹೇಳಬೇಕು, ತಪ್ಪು ಹೇಳಿದರೂ ತಿದ್ದುವಂತಿಲ್ಲ. ತಪ್ಪಾಗಿ ನೆನಪಿಟ್ಟುಕೊಂಡದ್ದರಲ್ಲೇ ಅವರಿಗೆ ಏನು ಬೇಕೆಂದು ಗೊತ್ತಾಗುತ್ತಿತ್ತು. ಮೊದಲ ಪ್ರಶ್ನೆ ಯಾವಾಗಲೂ ಅಂದು ಸುಮ್ಮನೆ ಕೂತವರಿಗೆ. ಕಾಫಿ ಲೋಟ ಖಾಲಿಯಾಗುವುದರೊಳಗೆ ಒಮ್ಮೆ ಬೀಜ ಎಸೆಸಿಬಿಡಬೇಕು. ಕೈಗೆ ಕೆಲಸ ಸಿಕ್ಕಿದರೆ ಬಾಯಿಯ ನಾಚಿಕೆ ಹೋಗುತ್ತದೆ. ಮತ್ತೆ ನಮ್ಮದೇ ಒಂದು ಕಟ್ಟಳೆಯಿತ್ತು: ಮೊದಲ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಅದನ್ನು ಮಾಡಿದವನು ಮೇಷ್ಟ್ರು. ಮಕ್ಕಳಿಗೂ ಹೀಗೇ ಹೇಳ್ತೀನಿ ಕಣೋ, ಹೇಳಿದ್ಮೇಲೆ ಮುಗೀತು ಅಂತ ಎನ್ನುತ್ತಿದ್ದ.

ಅತ್ತಿಗೆ ಮೂರನೇ ವಾರಕ್ಕೆ ಹೊಸ್ತಿಲಿನಿಂದಲೇ ಆಟಕ್ಕಿಳಿದರು. ಯಾವ ಪಾತ್ರ ಕೊಟ್ಟರೂ ಆಕೆ ಕೊನೆಗೆ ಒಂದು ಬಾವಿ ಹುಡುಕಿಕೊಂಡು ಅದರ ಪಕ್ಕ ಮನೆ ಕಟ್ಟುತ್ತಿದ್ದರು. ಅದಕ್ಕೆ ಕಾರಣ ಎಲ್ಲರಿಗೂ ಗೊತ್ತಿತ್ತು. ಅಮೃತಾಪುರದ ಕಡೆಯ ಹಳ್ಳಿಯಲ್ಲಿ ಮೇಷ್ಟ್ರಿಗೂ ಅವನ ಅಣ್ಣನಿಗೂ ಸೇರಿ ನಾಲ್ಕೆಕರೆ ಹೊಲವಿತ್ತು, ಹೊಲದಲ್ಲಿ ಬತ್ತದ ಬಾವಿಯಿತ್ತು. ಬಾವಿಯ ಪಕ್ಕ ಎರಡಂಕಣದ ಮನೆ ಕಟ್ಟಿಕೊಂಡು, ಬಾಡಿಗೆ ಮನೆಯ ಹೊಗೆಯಿಂದ ಪಾರಾಗಬೇಕೆಂದು ಗಂಡ ಹೆಂಡತಿ ಮದುವೆಯಾದಾಗಿನಿಂದ ಕನಸು ಕಾಣುತ್ತಿದ್ದರು. ಬಾಗಿಲು ಯಾವ ಕಡೆಗಿರಬೇಕು ಎಂದು ಅವರಿಬ್ಬರೂ ಜಗಳವಾಡುವುದನ್ನು ನಾನೇ ಎಷ್ಟೋ ಸಲ ಬಿಡಿಸಿದ್ದೇನೆ.

ಆಟದ ಎರಡನೇ ವರ್ಷದ ಚಳಿಗಾಲ ನನಗೊಂದು ಪೋಡಿ ಕೆಲಸ ಬಂತು. ಪೋಡಿ ಎಂದರೆ ಒಂದು ಸರ್ವೆ ನಂಬರನ್ನು ಅಳೆದು ಪಾಲು ಮಾಡಿ, ಬೇರೆ ಬೇರೆ ಖಾತೆಗೆ ನಕ್ಷೆ ಬರೆಯುವುದು. ಹಳ್ಳಿಗೆ ಹೋಗಿ ಹೊಲದಲ್ಲಿ ನಿಂತ ಮೇಲೆ ಅರ್ಜಿಯಲ್ಲಿದ್ದ ಹೆಸರು ತಲೆಗೆ ಹೊಕ್ಕಿತು. ಅರ್ಜಿದಾರ ಮೇಷ್ಟ್ರ ಅಣ್ಣ. ಬಾವಿಯೂ, ಅದರ ಸುತ್ತಲಿನ ಕಪ್ಪು ಮಣ್ಣೂ ಅಣ್ಣನ ಮಕ್ಕಳಿಗೆ. ಗೋಮಾಳದ ಅಂಚಿನ ಕಲ್ಲುಪಟ್ಟಿ ತಮ್ಮನಿಗೆ. ತಮ್ಮ ಒಪ್ಪಿದ್ದಾನೆ ಎಂದು ಸಹಿ ಹಾಕಿದ ಕಾಗದವೂ ಇತ್ತು. ಸಹಿ ಅವನದೇ. ಅಪ್ಪ ಸತ್ತಾಗ ಪೌತಿ ಖಾತೆಗೆಂದು ಅಣ್ಣ ಹಿಡಿದ ಕಾಗದಗಳಿಗೆಲ್ಲ ಓದದೆ ರುಜು ಮಾಡಿದೆ ಎಂದು ಅವನೇ ಒಮ್ಮೆ ಹೇಳಿದ್ದು ನನಗೆ ನೆನಪಿತ್ತು.

ಅಣ್ಣ ನಗುತ್ತಾ ಬಂದು, “ತಮ್ಮ ಒಪ್ಪವ್ನೆ ಬಿಡಿ ಸಾ, ಅವನಿಗ್ಯಾಕೆ ಹೊಲ, ಸಂಬಳ ಬತ್ತದೆ” ಎಂದ. ಗೆಳೆಯನ ಅಣ್ಣ ಎಂದು ನಾನು ಬಾಯಿ ಬಿಡಲಿಲ್ಲ. ಸರಪಳಿ ಎಳೆಸಿದೆ. ಹೊಸ ಎಲ್ಲೆಗೆ ಬಾಂದುಕಲ್ಲು ನೆಡಿಸಿದೆ. ಆಮೇಲೆ ಅವನ ಮನೆಯಲ್ಲಿ ಅವರೆಕಾಳಿನ ಸಾರು, ಮುದ್ದೆ ಉಂಡೆ. ಎರಡನೇ ಸಲ ಸಾರು ಹಾಕಿಸಿಕೊಂಡೆ, ಅದನ್ನೂ ಮುಚ್ಚಿಡುವುದಿಲ್ಲ.

ಕಾನೂನಿನ ಪ್ರಕಾರ ನೋಟೀಸನ್ನು ಊರ ಚಾವಡಿಯ ಗೋಡೆಗೆ ಅಂಟಿಸಬೇಕು. ಮೂವತ್ತು ದಿನದೊಳಗೆ ಯಾರಾದರೂ ತಕರಾರು ಕೊಟ್ಟರೆ ಕೆಲಸ ನಿಲ್ಲುತ್ತದೆ. ಕೊಡದಿದ್ದರೆ ಖಾತೆ ಆಗಿಬಿಡುತ್ತದೆ. ಅಜ್ಜಂಪುರದಲ್ಲಿ ಪಾಠ ಹೇಳುವವನು ಆ ಗೋಡೆಯನ್ನು ಎಲ್ಲಿ ನೋಡಬೇಕು? ನಾನು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಅವನಣ್ಣನಿಗೆ ದೊಡ್ಡವರ ಸಲುಗೆಯಿತ್ತು. ಕಚೇರಿ ವಿಷಯ ಹೊರಗೆ ಹೋದರೆ ಮೊದಲು ನನ್ನ ಕುತ್ತಿಗೆಗೆ ಬರುತ್ತದೆ ಎಂದು ಮೇಲಿನವರು ಗದರಿದ್ದರು. ಆದರೆ ಗೋಡೆಗೆ ಅಂಟಿಸಿದ್ದು ಗುಟ್ಟು ಹೇಗಾಗುತ್ತದೆ? ದನ ಹೊಡೆದುಕೊಂಡು ಹೋಗುವವನೂ ಓದಬಹುದಾದದ್ದನ್ನು ಗೆಳೆಯನಿಗೆ ಹೇಳಲು ನಾನು ಹೆದರಿದೆ. ಇದಕ್ಕೆ ಬೇರೆ ಹೆಸರಿಲ್ಲ, ಹೇಡಿತನ.

ಹೇಡಿಗೆ ಬುದ್ಧಿ ಜಾಸ್ತಿ. ನನಗೊಂದು ಉಪಾಯ ಹೊಳೆಯಿತು. ಬಾಯಿಂದ ಹೇಳುವುದು ಬೇಡ, ಆಟದಲ್ಲಿ ಹೇಳೋಣ. ಶನಿವಾರ ಕೂತು ಹೊಸ ನಕಾಶೆ ಬರೆದೆ. ಅದೇ ಹೊಲ. ಅದೇ ಸೊಟ್ಟ ಮೂಲೆ, ಅದೇ ಬಾವಿ, ಗೋಮಾಳದ ಅಂಚು ಅಂಗುಲ ತಪ್ಪದ ಹಾಗೆ. ನೋಡಿದ ಕೂಡಲೇ ಅವನಿಗೆ ಎದೆ ಧಸಕ್ಕೆನ್ನುತ್ತದೆ, ತಾನೇ ಊರಿಗೆ ಓಡುತ್ತಾನೆ, ನನ್ನ ಹೆಸರು ಎಲ್ಲೂ ಬರುವುದಿಲ್ಲ ಎಂದುಕೊಂಡೆ. ಸರ್ವೆಯವನ ದಡ್ಡತನ ನೋಡಿ. ಹುಟ್ಟಿದಾಗಿನಿಂದ ಹೊಲದಲ್ಲಿ ಓಡಾಡಿದವನು ಅದನ್ನು ಹದ್ದಿನ ಹಾಗೆ ಮೇಲಿನಿಂದ ಯಾವತ್ತೂ ನೋಡಿರುವುದಿಲ್ಲ. ಹೊಲ ಅವನಿಗೆ ಕಾಲಿನಿಂದ ಗೊತ್ತು, ಬದುವಿನ ಮೇಲಿನ ಜಾಲಿಮರದಿಂದ ಗೊತ್ತು. ಕಾಗದದ ಮೇಲಿನ ಗೆರೆ ನನಗೆ ಹೊಲವಾಗಿ ಕಾಣುತ್ತದೆ. ಅವನಿಗೆ ಅದು ಬರೀ ಗೆರೆ.

ಭಾನುವಾರ ಚಾಪೆಯ ಮೇಲೆ ನಕಾಶೆ ಹಾಸಿದೆ. ಅತ್ತಿಗೆ ಹೊಸ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಮೇಷ್ಟ್ರ ಕಡೆ ತಿರುಗಿ ಶುರುಮಾಡಿದೆ.

“ಮೂರು ವರ್ಷ ದಂಡಲ್ಲಿದ್ದು ಈಗ ಊರಿಗ್ ಬಂದಿದೀಯ. ನಿನ್ನ ಹೊಲದ ಮೂಲೇಲಿ ನಿಂತಿದೀಯ. ಬಾಂದುಕಲ್ಲು ನೀನು ಬಿಟ್ಟೋದ ಜಾಗದಲ್ಲಿಲ್ಲ. ಬಾವಿ ಕಲ್ಲಿನಾಚೆಗೋಗಿದೆ. ನಿಮ್ಮಣ್ಣ ಬಾವಿಕಟ್ಟೆ ಮೇಲೆ ಕೂತು ಕಾಲು ತೊಳ್ಕೊತಿದಾನೆ. ಈಗ ತಲೆಯೆತ್ತಿ ನಿನ್ನ ನೋಡ್ದ. ಏನ್ಮಾಡ್ತೀಯ?”

ಅಂಥ ಶುರುವನ್ನು ನಾನು ಹಿಂದೆ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿದ. ಹೆಗಲ ಮೇಲಿಲ್ಲದ ಗಂಟನ್ನು ನಿಧಾನವಾಗಿ ಕೆಳಗಿಳಿಸಿದ. ಆಮೇಲೆ ಎದುರಿಗಿಲ್ಲದ ಅಣ್ಣನಿಗೆ ಹೇಳಿದ: “ಅಣ್ಣಾ, ನಂಗೂ ಒಂದ್ ಕೊಡ ನೀರಾಕು. ನಡ್ದೂ ನಡ್ದೂ ಕಾಲುರೀತಿದೆ.”

“ಥೂ, ದಂಡಿಂದ ಬಂದೋನು ಕತ್ತಿ ಹಿರಿಯೋದ್ಬಿಟ್ಟು!” ಎಂದು ಸಾಹುಕಾರ ತೊಡೆ ತಟ್ಟಿಕೊಂಡ.

“ಕಲ್ಲು?” ಎಂದೆ ನಾನು. “ಕಲ್ಲು ಜರುಗಿದೆಯಲ್ಲೋ, ಅದನ್ನ ಕೇಳಲ್ವಾ?”

“ಎಲ್ಲಾದ್ರೂ ಇರ್ಲಿ ಬಿಡೋ ಸರಪಳಿ. ಅಣ್ಣ ತಾನೆ.”

ಉತ್ತರ ಬಂದುಬಿಟ್ಟಿತು. ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಅಷ್ಟರಲ್ಲಿ ಅತ್ತಿಗೆ ಮೊರ ಬದಿಗಿಟ್ಟು ಬಂದು ನಕಾಶೆಯ ಮೇಲೆ ಬಾಗಿದರು. ಬಾವಿಯ ಗುರುತಿನ ಮೇಲೆ ಬೆರಳಿಟ್ಟರು. ಬೆರಳು ತೆಗೆಯದೆ ಕೇಳಿದರು: “ಅಣ್ಣಾ, ಇದು ಯಾವೂರ ನಕಾಶೆ?”

“ಯಾವ್ದೋ ಹಳೇದು” ಎಂದೆ.

ಆಕೆ ನನ್ನ ಮುಖ ನೋಡಿದರು. ಮತ್ತೆ ಹೋಗಿ ಅವರೆಕಾಯಿ ಮುಂದಿಟ್ಟುಕೊಂಡು ಕೂತರು.

ಮೂವತ್ತು ದಿನ ತುಂಬಲು ಇನ್ನೂ ಮೂರು ಭಾನುವಾರಗಳಿದ್ದವು. ಪ್ರತಿ ವಾರ ಬಸ್ಸಿನಲ್ಲಿ, ಇವತ್ತು ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡು ಹೋಗುತ್ತಿದ್ದೆ. ಹೋದರೆ ಮೇಷ್ಟ್ರು ಬಾಗಿಲಲ್ಲೇ ಹಿಡಿದು, “ನಮ್ಮಣ್ಣನ ಕತೇನೇ ಮುಂದುವರಿಸು ಕಣೋ” ಎನ್ನುತ್ತಿದ್ದ. ಕತೆಯಲ್ಲಿ ಅಣ್ಣ ದೇವರಂಥವನಾದ. ತಮ್ಮನಿಗೆ ಬಂದ ಜ್ವರಕ್ಕೆ ಕಾಡಿನಿಂದ ಬೇರು ತಂದ. “ಹಿಂದಿನ ವಾರ ನಾವಣ್ತಮ್ಮ ಒಂದೇ ಬಾವಿ ನೀರು ಕುಡುದ್ವಿ” ಎಂದು ಮೇಷ್ಟ್ರು ಕತೆ ನೆನಪಿಸಿದ. ಅದು ಹಿಂದಿನ ವಾರ ಆಗಿರಲಿಲ್ಲ. ಆದರೆ ತಿದ್ದುವ ಹಾಗಿರಲಿಲ್ಲವಲ್ಲ! ನಾನು ತಲೆಯಾಡಿಸಿ ಬೀಜ ಅವನ ಕೈಗೆ ಕೊಟ್ಟೆ. ಬಿಳಿಯೇ ಬಿತ್ತು.

ಬೇಸಿಗೆ ರಜೆಗೆ ಅವನು ಊರಿಗೆ ಹೋದ. ಅಳತೆಯ ದಾರ ಹಿಡಿದುಕೊಂಡು, ಮನೆಗೆ ಪಾಯ ಗುರುತು ಮಾಡಲು. ಬಾವಿಯ ಹತ್ತಿರ ಗೂಟ ಹೊಡೆಯುವಾಗ ಅಣ್ಣನ ದೊಡ್ಡ ಮಗ ಬಂದು ಗೂಟ ಕಿತ್ತನಂತೆ. ಇದನ್ನು ನನಗೆ ಹೇಳಿದವನು ಸಾಹುಕಾರ. ಮೇಷ್ಟ್ರು ಹೇಳಲಿಲ್ಲ.

ಜೂನ್ ತಿಂಗಳಲ್ಲಿ ಅವನು ಕಚೇರಿಗೆ ಬಂದ. ಕೌಂಟರಿನ ಆಚೆ ನಿಂತು, “ಒಂದು ಪೋಡಿ ನಕ್ಷೆ ನಕಲು ಬೇಕಿತ್ತು, ಸರ್ವೇಯರ್ರೇ” ಎಂದ. ಸರಪಳಿ ಎನ್ನಲಿಲ್ಲ. ನಾನೇ ಎದ್ದು ಕಡತ ತೆಗೆದು, ನಾನೇ ನಕಲು ಮಾಡಿ ಕೊಟ್ಟೆ. ಕೆಳಗೆ ಅಳತೆ ಮಾಡಿದವನ ಸಹಿ ಇರುತ್ತದೆ. ಅವನು ಮೊದಲು ನೋಡಿದ್ದು ಸಹಿಯನ್ನಲ್ಲ, ಗೆರೆಗಳನ್ನು. ಸೊಟ್ಟ ಮೂಲೆಯನ್ನು, ಬಾವಿಯ ದುಂಡು ಗುರುತನ್ನು ನೋಡಿದ. ಮುಂಗೈ ಒಮ್ಮೆ ಹೊರಳಿಸಿದ, ಬೀಜ ಎಸೆಯುವ ಹಾಗೆ. ಆಮೇಲೆ ಸಹಿ ನೋಡಿದ.

“ಅಪೀಲು ಹಾಕಬಹುದು” ಎಂದೆ.

“ಅಣ್ಣನ ಮೇಲಾ?” ಎಂದ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. “ಚೆನ್ನಾಗ್ ಶುರು ಮಾಡಿದ್ರಿ ಆವತ್ತು. ಆಟ ಅಂತ್ಲೇ ಅಂದ್ಕೊಂಡೆ” ಎಂದು ಹೇಳಿ ಹೊರಟುಹೋದ. ಅವನು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಆ ವರ್ಷವೇ ವರ್ಗ ಮಾಡಿಸಿಕೊಂಡು ಅಜ್ಜಂಪುರ ಬಿಟ್ಟ. ನನ್ನ ನೌಕರಿ ಖಾಯಂ ಆಯಿತು.

ಬಹಳ ವರ್ಷ ನಾನು ಅವನ ಆ ಒಂದು ಮಾತನ್ನು ಹಿಡಿದು ಬದುಕಿದೆ. ಅಣ್ಣನ ಮೇಲಾ, ಎಂದನಲ್ಲ. ಅಂದಮೇಲೆ ಮೊದಲೇ ಹೇಳಿದ್ದರೂ ತಕರಾರು ಕೊಡುತ್ತಿರಲಿಲ್ಲ, ಹೇಗಿದ್ದರೂ ಹೊಲ ಹೋಗುತ್ತಿತ್ತು. ಈ ಲೆಕ್ಕ ಹಾಕಿಕೊಂಡೇ ನಿದ್ದೆ ಮಾಡುತ್ತಿದ್ದೆ.

ಇಂಜಿನಿಯರನಿಗೆ ನನಗೆ ಬರುವುದನ್ನೆಲ್ಲ ಹೇಳಿಕೊಟ್ಟೆ. ಪುಸ್ತಕ ಮುಚ್ಚು, ಹಳ್ಳದ ಮಧ್ಯದಿಂದ ಶುರುಮಾಡು, ಸುಮ್ಮನಿದ್ದವರನ್ನು ಮೊದಲು ಕೇಳು, ಕೇಳಿದ ಮೇಲೆ ನೀನು ಬಾಯಿ ಮುಚ್ಚು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಮುಂದಿನ ಭಾನುವಾರ ಅವನ ಮನೆಯಿಂದ ಕೂಗು, ನಗು ನಮ್ಮ ಅಂಗಳದವರೆಗೆ ಬಂತು. ಕಿಟಕಿಯಲ್ಲಿ ಇಣುಕಿ, “ಬನ್ನಿ ಸಾರ್, ಇವತ್ತು ನೀವೇ ಆಡ್ಸಿ” ಎಂದು ಕರೆದ. ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟೆ, ಸುಮ್ಮನೆ.

ಅಲ್ಲಿ ಅತ್ತಿಗೆ ನಿಂತಿದ್ದರು. ಕೂದಲು ಅರ್ಧ ಬೆಳ್ಳಗಾಗಿತ್ತು, ಕೈಯಲ್ಲೊಂದು ಬಟ್ಟೆ ಚೀಲ. ಗುರುತು ಹಿಡಿದು ಅವರೇ ಮಾತಾಡಿಸಿದರು. ಮೇಷ್ಟ್ರು ಚೆನ್ನಾಗಿದ್ದಾರೆ ಎಂದರು. ಇನ್ನೂ ಬಾಡಿಗೆ ಮನೆ, ನೀರಿಗೆ ಬೀದಿ ನಲ್ಲಿ ಎಂದರು. ಅದರಲ್ಲಿ ದೂರೇನೂ ಇರಲಿಲ್ಲ. ನಾನು ತಡೆಯಲಾರದೆ, ಮೊದಲೇ ಗೊತ್ತಾಗಿದ್ದರೂ ಅವನು ತಕರಾರು ಕೊಡುತ್ತಿರಲಿಲ್ಲ ಅಲ್ಲವೇ ಎಂದು ಕೇಳಿಬಿಟ್ಟೆ. ಹೌದು ಎನ್ನಲಿ ಎಂದು ಆಸೆ.

“ತಕ್ರಾರು ಕೊಡೋರಲ್ಲ” ಎಂದರು ಆಕೆ. “ಅಣ್ಣನ ಕಾಲಿಡಿಯೋರು. ಬಾವಿ ನೀನೇ ಇಟ್ಕೊ, ಪಕ್ಕದಲ್ಲಿ ಎರಡಂಕಣ ಜಾಗ ಬಿಡು ಅಂತ. ಖಾತೆ ಆಗೋಕ್ಮುಂಚೆ ಆಗಿದ್ರೆ ಭಾವ್ನೋರು ಅಷ್ಟು ಬಿಡ್ತಿದ್ರು. ಆಮೇಲೆ ಮಕ್ಳು ಬಿಡ್ಲಿಲ್ಲ.”

ನಾನು ಬಸ್ಸು ಬರುವ ದಾರಿಯ ಕಡೆ ತಿರುಗಿದೆ.

“ನಾನು ಆವತ್ತೇ ಕೇಳಿದ್ನಲ್ಲ” ಎಂದರು. “ಬಾವಿ ನೋಡಿ ಅನುಮಾನ ಬಂದಿತ್ತು. ನೀವು ಯಾವ್ದೋ ಹಳೇದು ಅಂದ್ರಿ. ಅಣ್ಣ ಅಂತ ಕರೀತಿದ್ದೆ, ನಂಬ್ದೆ.”

ಅವರ ಬಸ್ಸು ಬಂತು. ಚೀಲ ಎತ್ತಿಕೊಡೋಣವೆಂದು ಕೈ ಚಾಚಿದೆ. ಆಕೆ ಅದನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ತಾವೇ ಹತ್ತಿದರು.